ಮೂರನೇ ಸಲದ ಹೂಂ

ಬಿಸಿ ಬಟ್ಟೆಯ ವಾಸನೆ — ನೀರು ಚಿಮುಕಿಸಿದ ಹತ್ತಿಯ ಮೇಲೆ ಇಸ್ತ್ರಿಪೆಟ್ಟಿಗೆ ಓಡಿದಾಗ ಚುಸ್ಸೆಂದು ಏಳುತ್ತದಲ್ಲ, ಆ ವಾಸನೆ — ಕಿಟಕಿಯಿಂದ ಓಣಿಗಿಳಿದು ಮೂಗಿಗೆ ಬಂದದ್ದೇ ತಡ ಇವಳಿಗೆ ಸೀನು ಬರುವ ಹಾಗಾಯಿತು, ಸೀನಬಾರದು, ಕತ್ತುಪಟ್ಟಿಯೊಳಗೆ ಮೈಕು ಸಿಕ್ಕಿಸಿದ್ದಾರೆ, ಇಲ್ಲಿ ಸೀನಿದರೆ ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುವ ಸೌಂಡಿನವನ ಕಿವಿ ಹಾರಿಹೋಗುತ್ತದೆ, ಹಾರಲಿ ಬಿಡು, ಅವನಿಗೆ ಆಗಬೇಕಾದದ್ದೇ, ಅವನಿಂದಲೇ ತಾನೆ ಈಗ ಮತ್ತೆ ಓಣಿಯ ತುದಿಗೆ ಬಂದು ನಿಂತಿರುವುದು, ಆದ ಕೆಲಸವನ್ನೇ ಇನ್ನೊಂದು ಸಲ ಮಾಡಲಿಕ್ಕೆ. ಅಲ್ಲಿ, ಇಸ್ತ್ರಿ ಅಂಗಡಿಯ ಮೆಟ್ಟಿಲ ಹತ್ತಿರ, ನಿರ್ದೇಶಕರು ಕೈ ಎತ್ತಿ ನಿಂತಿದ್ದಾರೆ, ಆ ಕೈ ಇಳಿದರೆ ಇವಳು ನಡೆಯಬೇಕು, ಮೊದಲ ಸಲ ಹೇಗೆ ನಡೆದೆಯೋ ಹಾಗೇ ನಡಿಯಮ್ಮ ಅಂದಿದ್ದಾರೆ, ಹೇಗೆ ನಡೆದೆ ಅಂದರೆ ಏನು ಹೇಳುವುದು, ಕಾಲಲ್ಲಿ ನಡೆದೆ, ತೊಟ್ಟಿಲಿಂದ ಇಳಿದಾಗಿನಿಂದ ಹಾಗೇ ನಡೆಯುತ್ತಿದ್ದೇನೆ, ಯಾರೂ ಕೈ ಎತ್ತಿ ಇಳಿಸಿರಲಿಲ್ಲ. ಸೊಂಟದಲ್ಲಿ ಮೈಕಿನ ಡಬ್ಬಿ ತಣ್ಣಗೆ ಒತ್ತುತ್ತಿದೆ. ತಲೆ ಬಾಚಿಕೊಂಡು ಹೋಗೇ, ನಾಳೆ ನಾಲ್ಕು ಜನ ನೋಡ್ತಾರೆ ಅಂತ ಅಮ್ಮ ಬಾಗಿಲ ತನಕ ಬಾಚಣಿಗೆ ಹಿಡಿದು ಬಂದಿದ್ದಳು, ಬಾಚಿಸಿಕೊಂಡೂ ಬಂದಳು, ಬಂದರೆ ಈ ಮಹಾನುಭಾವರು ಎರಡು ಎಳೆ ಕೂದಲು ಹೊರಗೆಳೆದು ಹಣೆಯ ಮೇಲೆ ಬಿಟ್ಟರು, ಹೋರಾಟಗಾರ್ತಿ ಅಂದರೆ ಸ್ವಲ್ಪ ಕೆದರಿರಬೇಕಂತೆ. ಹೋರಾಟಗಾರ್ತಿ! ಓಣಿಯವರ ಬಾಯಲ್ಲಿ ಇವಳು ಗಂಟೆ, ಹುಡುಗಿಯರ ಬಾಯಲ್ಲಿ ಗಂಟೆಯಕ್ಕ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಬಂದು, ಮಗಳನ್ನು ಶಾಲೆಗೆ ಕಳಿಸಿ ಅಂತ ಬಾಗಿಲು ಬಡಿಯುತ್ತಾಳೆಂದು ಬಿದ್ದ ಹೆಸರು, ದೂರದಿಂದ ಕಂಡರೆ ಸಾಕು ಗಂಟೆ ಬಂತು ಗಂಟೆ ಬಂತು ಅನ್ನುತ್ತ ಗಂಡಸರು ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಾರೆ, ಹಿಡಿಯಲಿ, ಪೇಪರು ಓದಿ ಮುಗಿಯಲೇಬೇಕಲ್ಲ, ಮುಗಿಯುವವರೆಗೆ ಕೂತಿರುತ್ತಾಳೆ, ಕೂರುವುದರಲ್ಲಿ ಇವಳನ್ನು ಮೀರಿಸಿದವರು ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಹತ್ತೊಂಬತ್ತಕ್ಕೇ ಇಷ್ಟು ಜಂಬ ಬೇಡ ಅನ್ನುತ್ತಾಳೆ ಅಮ್ಮ. ಜಂಬ ಅಲ್ಲ ಅಮ್ಮಾ, ಇರುವುದನ್ನು ಹೇಳಿದೆ.

ಕೈ ಇನ್ನೂ ಇಳಿದಿಲ್ಲ, ಯಾರೋ ಸ್ಕೂಟರಿನವರು ಅಡ್ಡ ಬಂದಿದ್ದಾರೆ, ಹೋಗಿ ಸ್ವಾಮಿ, ಬೇಗ ಹೋಗಿ — ಮೊದಲ ಸಲ ಎಷ್ಟು ಚೆನ್ನಾಗಿ ಬಂದಿತ್ತು, ಅಯ್ಯೋ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಇಸ್ತ್ರಿ ಮಾವನ ಮಗಳು ಗುಬ್ಬಿ, ಹದಿಮೂರು ವರ್ಷ, ಹೆಸರಿಗೆ ತಕ್ಕ ಹಾಗೆ ಒಂದು ಹಿಡಿ ಇದ್ದಾಳೆ, ರಜೆ ಮುಗಿದು ಶಾಲೆ ಶುರುವಾದರೂ ಅವಳು ಹೋಗಲಿಲ್ಲ, ಯಾಕೆಂದರೆ ಮಾವನ ಮಂಡಿ ಹೋಗಿದೆ, ಎದುರಿನ ಕಟ್ಟಡ ನಾಲ್ಕು ಮಹಡಿ, ಲಿಫ್ಟಿನಲ್ಲಿ ಗಂಟು ಹೊತ್ತವರನ್ನು ಬಿಡುವುದಿಲ್ಲ, ಇಸ್ತ್ರಿಯಾದ ಬಟ್ಟೆ ಬೆಳಿಗ್ಗೆ ಜನ ಆಫೀಸಿಗೆ ಹೊರಡುವ ಮೊದಲು ಮನೆಮನೆಗೆ ತಲುಪಬೇಕು, ತಲುಪಿಸುವವಳು ಗುಬ್ಬಿ, ಅದೇ ಹೊತ್ತಿಗೆ ಶಾಲೆಯ ಗಂಟೆ. ಇಷ್ಟೇ ಕಥೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ತಾಪತ್ರಯ, ಕೆಟ್ಟವರಾಗಿದ್ದರೆ ಇವಳು ಎಂದೋ ಬಾಯಿ ಮಾಡಿ ಗೆದ್ದಿರುತ್ತಿದ್ದಳು. ಹೆಡ್‌ಮಿಸ್ಸು ಹೇಳಿಯಾಗಿದೆ, ನೋಡಮ್ಮ, ಸೋಮವಾರ ಹುಡುಗಿ ಕ್ಲಾಸಲ್ಲಿ ಕೂತಿರಬೇಕು, ಇಲ್ಲದಿದ್ರೆ ಹೆಸರು ತೆಗೀತೀನಿ, ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ, ನನ್ನ ಕೈಲಿ ಇಷ್ಟೇ ಆಗೋದು. ಇವತ್ತು ಶನಿವಾರ. ಇವಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತೇವೆಂದು ಬಂದವರು, ಹೋಗುವ ಮನೆಗೆಲ್ಲ ಹಿಂದೆ ಹಿಂದೆ ಬರುವವರು, ಇಲ್ಲಿಗೂ ಬಂದರು, ಇವಳು ಬೇಡ ಅನ್ನಲಿಲ್ಲ, ಕ್ಯಾಮೆರಾ ಕಂಡರೆ ಜನ ಸ್ವಲ್ಪ ಮೆತ್ತಗಾಗುತ್ತಾರೆ, ಮೆತ್ತಗಾದರೆ ನಮಗೇನು ನಷ್ಟ. ಮಾವ ಬಗ್ಗಿಸಿದ ತಲೆ ಎತ್ತದೆ ಒಂದು ಷರಟಿನ ತೋಳನ್ನು ಉಜ್ಜಿದ್ದೇ ಉಜ್ಜಿದ್ದು, ಉಜ್ಜಿದ್ದೇ ಉಜ್ಜಿದ್ದು, ಇವಳು ಕೇಳಿದ್ದೇ ಕೇಳಿದ್ದು, ಮಾವ, ಸೋಮವಾರ ಕಳಿಸ್ತೀರಾ, ಮಾವ, ಸೋಮವಾರ — ಕೊನೆಗೆ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಮೊಳಕೈಯಿಂದ ಹಣೆ ಒರೆಸಿಕೊಂಡು, ಹೂಂ, ಕಳಿಸ್ತೀನಿ ಕಣಮ್ಮ, ಆದ್ರೆ ಬೆಳಿಗ್ಗೆ ಬಟ್ಟೆ ಕೊಡೋರ್ಯಾರು, ನೀನು ಕೊಡ್ತೀಯಾ? ಅಂದ. ಪಕ್ಕದಲ್ಲಿ ಗುಬ್ಬಿ ಚೊಂಬಿಗೆ ಕೈ ಅದ್ದಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದವಳು, ಆ ಒದ್ದೆ ಕೈಯನ್ನೇ ಬಾಯಿಗೆ ಒತ್ತಿಕೊಂಡಳು, ಗಲ್ಲದಿಂದ ನೀರಿಳಿಯಿತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಇವಳು, ಕೊಡ್ತೀನಿ ಮಾವ, ಕೂತ್ಕೊಳ್ಳಿ, ಯಾರು ಕೊಡೋದು ಅಂತ ಈಗಲೇ ಮಾತಾಡೋಣ ಅನ್ನಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಮೂಲೆಯಿಂದ ಸೌಂಡಿನವನು ಅಯ್ಯಯ್ಯೋ ಅಂದ. ಆಗಲೇ ಹಾರ್ನ್ ಹೊಡೆದ ಗಾಡಿ ದಾಟಲಿ ಎಂದು ಮಷೀನು ನಿಲ್ಲಿಸಿದ್ದನಂತೆ, ಮತ್ತೆ ಒತ್ತಲು ಮರೆತನಂತೆ. ಕ್ಯಾಮೆರಾದಲ್ಲಿ ಎಲ್ಲ ಇದೆ, ಹಣೆ ಒರೆಸಿಕೊಂಡದ್ದಿದೆ, ಗುಬ್ಬಿಯ ಕೈ ಇದೆ, ಮಾತು ಮಾತ್ರ ಇಲ್ಲ. ಮೂಕ ಹೂಂ. ಇಷ್ಟು ದಿನ ಕಾಡಿ ಬೇಡಿ ತೆಗೆಸಿದ ಹೂಂ.

ಇಳಿಯಿತು ಕೈ, ನಡಿ, ನಡಿ, ಕ್ಯಾಮೆರಾ ನೋಡಬಾರದು, ಮೊದಲ ಸಲ ಈ ಮನೆಯ ಗೋಡೆ ಮುಟ್ಟಿದ್ದೆನೋ ಇಲ್ಲವೋ, ಮುಟ್ಟೋಣ, ಚೆನ್ನಾಗಿ ಕಾಣುತ್ತದೆ — ಇರಲಿ, ಸುಳ್ಳು ಯಾಕೆ, ಇವಳಿಗೆ ಇದು ಹಿಡಿಸುತ್ತದೆ, ನಾಚಿಕೆ ಪಡುವವರ ಪೈಕಿಯಲ್ಲ ಇವಳು, ಎದುರಿಗೆ ಆ ಕಪ್ಪು ಗಾಜು ಇದ್ದರೆ ಮಾತು ತಾನಾಗಿ ನೆಟ್ಟಗೆ ನಿಲ್ಲುತ್ತದೆ, ನೀನು ಹುಟ್ಟಾ ಕಲಾವಿದೆ ಕಣಮ್ಮ ಅಂದಿದ್ದರು ನಿರ್ದೇಶಕರು, ಒಳ್ಳೆಯವರು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಂತೆ, ಈ ಚಿತ್ರ ನೋಡಿ ಒಬ್ಬ ಅಪ್ಪನಾದರೂ ಮನಸ್ಸು ಬದಲಿಸಿದರೆ ಸಾರ್ಥಕ ಅನ್ನುವಾಗ ಕಣ್ಣು ಒದ್ದೆಯಾಗಿತ್ತು, ನಾಟಕ ಅಲ್ಲ, ನಿಜಕ್ಕೂ. ಮೆಟ್ಟಿಲು, ಹೊಸ್ತಿಲು, ಒಳಗೆ ಹೋದರೆ — ಇದೇನು ಮಾವ! ಮಾವ ಮುಖ ತೊಳೆದು ಬಂದು, ಬೆವರಿನ ಅಂಗಿ ಬಿಚ್ಚಿ, ತೆಳು ನೀಲಿ ಗೆರೆಯ, ಗರಿಗರಿ ಇಸ್ತ್ರಿಯ ಪೂರ್ತಿ ತೋಳಿನ ಷರಟು ತೊಟ್ಟು ನಿಂತಿದ್ದಾನೆ, ಅದು ಎರಡನೇ ಮಹಡಿಯ ಬ್ಯಾಂಕಿನವರದು, ಇವಳಿಗೂ ಗೊತ್ತು, ಗುಬ್ಬಿಗಂತೂ ಗೊತ್ತೇ ಗೊತ್ತು, ಗುಬ್ಬಿ ಬಾಯಿ ಬಿಗಿಹಿಡಿದು ನಗು ನುಂಗುತ್ತಿದ್ದಾಳೆ, ಕಟ್ ಕಟ್ ಕಟ್, ಸಾರ್, ಅಂಗಿ ಬದಲಾಯಿಸಬಾರದು ಸಾರ್, ಮೊದಲು ತೆಗೆದದ್ದಕ್ಕೆ ಜೋಡಿಸುವಾಗ ಕೂಡುವುದಿಲ್ಲ, ಹಳೇದೇ ಹಾಕ್ಕೊಳ್ಳಿ. ಹಳೇದಾ? ಬೆವರು ವಾಸನೆ ಬರುತ್ತೆ ಸ್ವಾಮಿ. ವಾಸನೆ ಚಿತ್ರದಲ್ಲಿ ಬರಲ್ಲ ಸಾರ್. ಹೌದಾ, ಹಾಗಾದ್ರೆ ಸರಿ. ಬ್ಯಾಂಕಿನವರ ಷರಟು ಮತ್ತೆ ಮೇಜಿನ ಮೇಲೆ ಬಂತು, ಕಂಕುಳಿನ ಸುಕ್ಕಿಗೆ ಮತ್ತೆ ನೀರು, ಮತ್ತೆ ಇಸ್ತ್ರಿ, ಎಲ್ಲರೂ ನಕ್ಕರು, ಇವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ನಡುವೆ ನಿರ್ದೇಶಕರು ಮಾವನ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಸಣ್ಣ ವಿಷಯ ಸಾರ್, ಆ ಬೆಳಿಗ್ಗೆ ಬಟ್ಟೆ ಕೊಡೋರ್ಯಾರು ಅಂದ್ರಲ್ಲ, ಅದು ಬೇಡ, ನೋಡುವವರಿಗೆ ಅರ್ಥ ಆಗಲ್ಲ, ಹೂಂ ಕಳಿಸ್ತೀನಿ ಅಂದ್ರೆ ಸಾಕು, ಅಂದು ಮಗಳ ಮುಖ ನೋಡಿ. ಮಾವ ವಿಧೇಯನಾಗಿ ತಲೆಯಾಡಿಸಿದ. ಇವಳಿಗೆ ಅಲ್ಲೇ ಸಣ್ಣಗೆ ಏನೋ ಚುಚ್ಚಿತು, ಮೈಕಿನ ಪಿನ್ನು ಅಂದುಕೊಂಡಳು, ಕತ್ತುಪಟ್ಟಿ ಸರಿಮಾಡಿಕೊಂಡಳು. ನೀನು ಹಾಗೇ ಕೈ ಬಾಯಿಗಿಟ್ಕೋ ಪುಟ್ಟಾ, ಆಗ ಇಟ್ಕೊಂಡೆಯಲ್ಲ, ಹಾಗೇ. ಯಾವ ಕೈ? ಅಂದಳು ಗುಬ್ಬಿ. ಬಲಗೈ ಕಣಮ್ಮ. ಸರಿ. ಮಾವ, ಸೋಮವಾರ ಕಳಿಸ್ತೀರಾ? — ಚೆನ್ನಾಗಿ ಬಂತು, ದನಿ ಸ್ವಲ್ಪ ನಡುಗಿಸಿದಳು, ಬೇಕೆಂದೇ. ಹೂಂ, ಕಳಿಸ್ತೀನಿ, ಖಂಡಿತ ಕಳಿಸ್ತೀನಿ, ನನ್ನ ಮಗಳು ಓದ್ಲಿ. ಖಂಡಿತ ಅನ್ನುವುದು ಮಾವನದೇ ಸೇರ್ಪಡೆ, ಓದ್ಲಿ ಅನ್ನುವಾಗ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ್ದೂ ಅವನದೇ. ಗುಬ್ಬಿಯ ಕೈ ಬಾಯಿಗೆ ಹೋಯಿತು, ಒಂದು ಗಳಿಗೆ ತಡವಾಗಿ.

ವಾಹ್, ಅಂದರು ನಿರ್ದೇಶಕರು. ಸೌಂಡಿನವನು ಹೆಬ್ಬೆರಳೆತ್ತಿದ, ಪಾಪ, ಈ ಸಲ ಒತ್ತಿದ್ದೇನೆ ಎಂದು ಮಷೀನಿನ ಕೆಂಪು ದೀಪವನ್ನು ಎಲ್ಲರಿಗೂ ತೋರಿಸಿದ. ಮುಗಿಯಿತು ಅಂತ ಇವಳು ಉಸಿರು ಬಿಟ್ಟರೆ, ಇನ್ನೊಂದೇ ಸಲ, ಮಗುವಿನ ಮುಖ ಹತ್ತಿರದಿಂದ ಬೇಕು, ಬರೀ ಮುಖ, ಆಮೇಲೆ ದೇವರಾಣೆ ಕೇಳಲ್ಲ. ಕ್ಯಾಮೆರಾವನ್ನು ಮೇಜಿನ ಮಗ್ಗುಲಿಗೆ ತಂದರು, ದೀಪ ತಂದರು, ಗಂಟುಗಳನ್ನು ಸರಿಸಿದರು, ಮಾವ ಹಾಂಹಾಂ ಅಂದ, ಆ ಗಂಟು ಈ ಗಂಟು ಕಲಸಬೇಡಿ, ಒಂದು ಮನೆ ಪ್ಯಾಂಟು ಇನ್ನೊಂದು ಮನೆಗೆ ಹೋದ್ರೆ ನನ್ನ ಕಥೆ ಮುಗೀತು. ಗುಬ್ಬಿಯ ಹಿಂದೆ ಒಂದು ಶಾಲೆಯ ಯೂನಿಫಾರ್ಮ್ ತೂಗುಹಾಕಿದರೆ ಎಷ್ಟು ಅರ್ಥಪೂರ್ಣ ಅಂತ ನಿರ್ದೇಶಕರಿಗೆ ಹೊಳೆಯಿತು, ಯಾರಾದರೂ ಯೂನಿಫಾರ್ಮ್ ಇಸ್ತ್ರಿಗೆ ಕೊಟ್ಟಿದ್ದಾರಾ? ಶನಿವಾರ ಯಾರು ಕೊಡ್ತಾರೆ ಸ್ವಾಮಿ, ಭಾನುವಾರ ಸಂಜೆ ಬರುತ್ತೆ ರಾಶಿ ರಾಶಿ. ಛೆ, ಅಂತ ಅವರು ಪೇಚಾಡಿಕೊಂಡರು, ಗುಬ್ಬಿಯದೇ ಯೂನಿಫಾರ್ಮ್ ಇರಬೇಕಲ್ಲ ಎಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ, ಇವಳಿಗೆ ಹೊಳೆಯಿತು, ಹೇಳಲಿಲ್ಲ, ಅದನ್ನು ತೂಗುಹಾಕಲಿಕ್ಕೆಂದು ಪೆಟ್ಟಿಗೆಯಿಂದ ತೆಗೆಯುವುದು ಬೇಡ, ತೊಡಲಿಕ್ಕೆಂದೇ ತೆಗೆಯಲಿ. ಮೂರನೇ ಸಲ ಇವಳು ಬಾಗಿಲಲ್ಲಿ ನಿಂತು ಮಾತು ಹೇಳಿದರೆ ಸಾಕು, ಚಿತ್ರದಲ್ಲಿ ಇವಳೂ ಇಲ್ಲ ಮಾವನೂ ಇಲ್ಲ, ದನಿ ಮಾತ್ರ. ದೀಪದ ಬೆಳಕಿಗೆ ಗುಬ್ಬಿಯ ಮುಖ ಹಳದಿ ಹಳದಿ, ರೆಪ್ಪೆಯ ಮೇಲೊಂದು ನೂಲಿನ ಎಳೆ, ಅವಳು ಬೆರಳನ್ನು ಚೊಂಬಿಗೆ ಅದ್ದಿದಳು, ಬಟ್ಟೆಗೆ ಚಿಮುಕಿಸಿದಳು, ಮತ್ತೆ ಅದ್ದಿದಳು. ಹಾಂ, ಹೇಳಮ್ಮ. ಮಾವ, ಸೋಮವಾರ ಕಳಿಸ್ — ಇನ್ನೂ ತೀರಾ ಅನ್ನುವುದು ಬಾಯಲ್ಲೇ ಇದೆ, ಮಾವ ಇನ್ನೂ ಉಸಿರೇ ಎಳೆದುಕೊಂಡಿಲ್ಲ, ಆಗಲೇ, ಅಷ್ಟರಲ್ಲಾಗಲೇ, ಗುಬ್ಬಿಯ ಬಲಗೈ ಚೊಂಬಿನಿಂದ ಎದ್ದು ನೆಟ್ಟಗೆ ಬಾಯಿಗೆ ಹೋಯಿತು, ಕಣ್ಣು ಅರಳಿತು, ಗಲ್ಲದ ಮೇಲೆ ನೀರಿಳಿಯಿತು, ಎಲ್ಲ ಮೊದಲ ಸಲದ ಹಾಗೇ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅಪ್ಪ ಹೂಂ ಅನ್ನುವುದಕ್ಕೆ ಮೊದಲೇ. ಆಮೇಲೆ ಮಾವ ಹೂಂ ಅಂದ. ಖಂಡಿತ ಅಂದ. ಓದ್ಲಿ ಅಂದ. ಅದ್ಭುತ, ಅಂದರು ನಿರ್ದೇಶಕರು, ಕೈ ಸ್ವಲ್ಪ ಬೇಗ ಬಂತು, ಪರವಾಗಿಲ್ಲ, ಜೋಡಿಸುವಾಗ ಹಿಂದೆ ಮುಂದೆ ಮಾಡಿಕೊಳ್ಳುತ್ತೇವೆ.

ಹಿಂದೆ ಮುಂದೆ ಮಾಡಿಕೊಳ್ಳುತ್ತಾರಂತೆ. ದೀಪ ಆರಿತು, ತಂತಿಗಳನ್ನು ಸುತ್ತುತ್ತಿದ್ದಾರೆ, ಮಾವ ಸೌಂಡಿನವನ ಹತ್ತಿರ ಹೋಗಿ, ಹೇಗೆ, ಸರಿಯಾಗಿ ಮಾಡಿದ್ನಾ ನಾನು, ಮೂರನೇದು ಚೆನ್ನಾಗಿತ್ತು ಅಲ್ವಾ, ಅಂತ ಕೇಳುತ್ತಿದ್ದಾನೆ, ಮುಖದಲ್ಲಿ ಹಿಗ್ಗು, ಆ ಮನುಷ್ಯನನ್ನು ಯಾರಾದರೂ ಹೊಗಳಿ ಎಷ್ಟು ವರ್ಷವಾಗಿತ್ತೋ, ಮಾಡಿದ್ನಾ ಅಂದ, ಗಮನಿಸಿದಳು ಇವಳು, ಹೇಳಿದ್ನಾ ಅನ್ನಲಿಲ್ಲ. ಹಾಗೇ ತಿರುಗಿ ಮಗಳಿಗೆ, ಏಯ್ ಗುಬ್ಬಿ, ಹೊತ್ತಾಯ್ತು, ನಾಲ್ಕನೇ ಮಹಡಿದು ಕೊಟ್ಟು ಬಾ, ಬ್ಯಾಂಕಿನವ್ರದ್ದು ಬೇರೆ ಇಡು, ಅವ್ರಿಗೆ ಸೋಮವಾರ ಬೆಳಿಗ್ಗೆ ಬೇಕಂತೆ, ಬೇಗ ಎದ್ದು ಕೊಟ್ಟು ಬರೋವಂತೆ. ಗುಬ್ಬಿ ಹೂಂ ಅಂದಳು. ಅಪ್ಪನಿಗೂ ಗೊತ್ತಾಗಲಿಲ್ಲ, ಮಗಳಿಗೂ ಏನೂ ಅನಿಸಲಿಲ್ಲ, ಕ್ಯಾಮೆರಾದವರ ಸೋಮವಾರವೇ ಬೇರೆ, ಬ್ಯಾಂಕಿನವರ ಸೋಮವಾರವೇ ಬೇರೆ. ಇವಳಿಗೆ ಗೊತ್ತಾಯಿತು. ಎಲಾ ಇವಳ, ಏನು ಮಾಡಿಕೊಂಡೆ! ಮೊದಲನೇ ಹೂಂ ಇತ್ತಲ್ಲ, ಅದು ನಿಜವಾದದ್ದು, ಇವಳು ಬಾಗಿಲು ಬಡಿದು ಬಡಿದು ಹೂಂಗಳ ಜಾತಿ ಕಂಡವಳು, ಒಂದು ಹೂಂ ಇದೆ, ನೀನು ಹೊರಡು ಅನ್ನುವುದು, ಇನ್ನೊಂದು ನಯವಾಗಿ, ದುಂಡಗೆ, ನೋಡಲಿಕ್ಕೆ ಚೆಂದ, ಅದನ್ನು ಹೊತ್ತುಕೊಂಡು ಮನೆಗೆ ಬಂದರೆ ಮಾರನೇ ದಿನ ಕ್ಲಾಸಲ್ಲಿ ಬೆಂಚು ಖಾಲಿ, ನಿಜವಾದ ಹೂಂ ಯಾವತ್ತೂ ಒಬ್ಬೊಂಟಿಯಾಗಿ ಬರುವುದಿಲ್ಲ, ಹಸುವಿನ ಹಿಂದೆ ಕರು ಬಂದ ಹಾಗೆ ಅದರ ಹಿಂದೆ ಒಂದು ಆದ್ರೆ ಬರುತ್ತದೆ, ಆದ್ರೆ ಅಡುಗೆ ಯಾರು ಮಾಡ್ತಾರೆ, ಆದ್ರೆ ದಾರಿ ಸರಿ ಇಲ್ಲ, ಆದ್ರೆ ಅವ್ರಪ್ಪ ಒಪ್ಪಲ್ಲ — ಅದು ಬಂದರೆ ಇವಳು ಚಪ್ಪಲಿ ಬಿಟ್ಟು ಒಳಗೆ ಕೂರುತ್ತಾಳೆ, ಅರ್ಧ ಗೆದ್ದಾಯಿತು, ಇನ್ನರ್ಧ ಮಾತು. ಬೆಳಿಗ್ಗೆ ಬಟ್ಟೆ ಕೊಡೋರ್ಯಾರು ಅಂತ ಆ ಮನುಷ್ಯ ಕೇಳಿದ್ದ, ಬೆವರಿನ ಅಂಗಿಯಲ್ಲಿ ನಿಂತು ಬಾಯಿಬಿಟ್ಟು ಕೇಳಿದ್ದ, ಅದನ್ನೇ ಕಿತ್ತು ಬಿಸಾಕಿದರು, ಇವಳು ಪಕ್ಕದಲ್ಲೇ ನಿಂತು ಕತ್ತುಪಟ್ಟಿ ಸರಿಮಾಡಿಕೊಂಡಳು. ಗುಬ್ಬಿಯ ಕೈ. ಆ ಕೈ ಬೇಗ ಹೋದದ್ದಲ್ಲ, ಆ ಕೈಗೆ ಇನ್ನು ಅಪ್ಪನ ಹೂಂ ಬೇಕಾಗಿಯೇ ಇಲ್ಲ. ಒಂದೇ ಬೆಳಗಿನಲ್ಲಿ ಇಷ್ಟು ಕಲಿತುಬಿಟ್ಟಳು ಹುಡುಗಿ, ಕಲಿಯುವ ತಲೆ ಅವಳದು, ಅದಕ್ಕೇ ತಾನೆ ಶಾಲೆಗೆ ಕಳಿಸಿ ಅಂತ ಇಷ್ಟು ಕುಣಿದದ್ದು.

ಸರಿ. ಅಳುತ್ತ ಕೂರುವ ಹೆಣ್ಣಲ್ಲ ಇವಳು, ಇವತ್ತು ಶನಿವಾರ, ಸೋಮವಾರ ಇನ್ನೂ ಬಂದಿಲ್ಲ, ಬಾಗಿಲು ತೆರೆದೇ ಇದೆ, ಮಾವ ಒಳಗೇ ಇದ್ದಾನೆ, ಬಾಯಿ ಇದೆ, ಇನ್ನೇನು ಬೇಕು. ಕತ್ತುಪಟ್ಟಿಯಿಂದ ಮೈಕು ಕಿತ್ತಳು, ಸೊಂಟದ ಡಬ್ಬಿ ಬಿಚ್ಚಿದಳು, ಎರಡನ್ನೂ ಸೌಂಡಿನವನ ಕೈಗೆ ಹಾಕಿದಳು, ಅಣ್ಣಾ, ಇದನ್ನು ಆರಿಸಿಡಿ, ಈ ಸಲ ಮರೆತರೆ ಪುಣ್ಯ ಬರುತ್ತೆ. ಎಲ್ಲಿಗಮ್ಮ, ಸಭೆಗೆ ಹೊರಡಬೇಕು, ಅಲ್ಲಿ ಜನ ಕೂತಿರ್ತಾರೆ, ನಿನ್ನ ಭಾಷಣ ತಗೋಬೇಕು, ಅಂದರು ನಿರ್ದೇಶಕರು. ನೀವು ಎದುರಿನ ಅಂಗಡೀಲಿ ಕಾಫಿ ಕುಡೀತಾ ಇರಿ ಸಾರ್, ಮಾವನ ಹತ್ತಿರ ಒಂದು ಮಾತಿದೆ. ಮಾತಾ, ಯಾವ ಮಾತು — ಅವರ ಕಣ್ಣು ಮಿನುಗಿತು, ಕ್ಯಾಮೆರಾದವನಿಗೆ ಬೆರಳು ಸನ್ನೆ ಮಾಡಿಯಾಯಿತು — ಹಾಗಾದ್ರೆ ಇದನ್ನೂ ತಗೋತೀವಿ, ನೀನು ನಿನ್ನ ಪಾಡಿಗೆ ಮಾತಾಡು, ನಾವು ಇಲ್ಲ ಅಂದ್ಕೋ. ನೀವು ಇಲ್ಲ ಅಂದ್ಕೊಳ್ಳೋದು ಬೇಡ ಸಾರ್, ನಿಜವಾಗ್ಲೂ ಇರಬೇಡಿ. ಅವರ ಮುಖ ಸಣ್ಣಗಾಯಿತು. ನೋಡಮ್ಮ, ನೀನು ನನ್ನನ್ನ ತಪ್ಪು ತಿಳೀಬೇಡ, ಈ ಒಂದು ದೃಶ್ಯ ಸಾವಿರ ಮನೆಗೆ ಹೋಗುತ್ತೆ, ಅಲ್ಲಿ ಸಾವಿರ ಅಪ್ಪಂದಿರು ಕೂತು ನೋಡ್ತಾರೆ. ಅದೂ ನಿಜವೇ, ಇವಳಿಗೇನು ಗೊತ್ತಿಲ್ಲವೇ, ಅದಕ್ಕೇ ಇಷ್ಟು ದಿನ ಇವರು ಎತ್ತಿದ ಕೈಗೆ ನಿಂತಳು, ಇಳಿಸಿದ ಕೈಗೆ ನಡೆದಳು, ನಾಳೆಯೂ ನಡೆಯುತ್ತಾಳೆ, ಮುನಿಸೇನಿಲ್ಲ. ಸಾವಿರ ಮನೆಗೆ ಆಮೇಲೆ ಹೋಗೋಣ ಸಾರ್, ಈ ಮನೆಗೆ ಸೋಮವಾರದ ಒಳಗೆ ಆಗ್ಬೇಕು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಹೋಗಿ ಬಾ, ಅಂದರು, ಕ್ಯಾಮೆರಾದವನ ತೋಳು ಹಿಡಿದು ರಸ್ತೆ ದಾಟಿಸಿಕೊಂಡು ಹೋದರು.

ಮೆಟ್ಟಿಲು, ಹೊಸ್ತಿಲು. ಗುಬ್ಬಿ ನಾಲ್ಕನೇ ಮಹಡಿಗೆ ಕೊಟ್ಟು ಬಂದಾಗಿದೆ, ಏದುಸಿರು ಬಿಡುತ್ತ ಚೊಂಬಿನ ಮುಂದೆ ನಿಂತಿದ್ದಾಳೆ, ಮಾವನ ಇಸ್ತ್ರಿ ಒಂದು ಸೀರೆಯ ಮೇಲೆ ಉದ್ದಕ್ಕೆ ಹೋಗುತ್ತಿದೆ, ಬಾಮ್ಮ, ಮತ್ತೆ ತಗೋತಾರಂತಾ? ಅಂದ, ಅಂಗಿಯ ಗುಂಡಿಗೆ ಕೈ ಹಾಕಿಯೂಬಿಟ್ಟ. ಇಲ್ಲ ಮಾವ, ಯಾರೂ ಇಲ್ಲ, ಅವ್ರೆಲ್ಲ ಕಾಫಿಗೆ ಹೋದ್ರು, ನಾನು ಒಬ್ಳೇ ಬಂದೆ. ಚಪ್ಪಲಿ ಬಿಟ್ಟಳು, ಗಂಟುಗಳ ಪಕ್ಕ ನೆಲದ ಮೇಲೆ ಕೂತಳು, ಕಾಲು ಮಡಚಿ, ಗೋಡೆಗೆ ಒರಗಿ, ಇವತ್ತು ಏಳುವ ಅವಸರ ಇಲ್ಲ ಅನ್ನುವುದು ಗೊತ್ತಾಗುವ ಹಾಗೆ. ಮಾವ, ಬೆಳಿಗ್ಗೆ ಬಟ್ಟೆ ಕೊಡೋರ್ಯಾರು? ಇಸ್ತ್ರಿ ನಿಂತಿತು. ಮಾವ ಇವಳ ಮುಖ ನೋಡಿದ, ಬಾಗಿಲು ನೋಡಿದ, ಕಿಟಕಿಯಿಂದ ರಸ್ತೆ ನೋಡಿದ, ಯಾರೂ ಇಲ್ಲ. ಅದನ್ನೇ ತಾನೇ ನಾನು ಆಗ್ಲೇ ಕೇಳಿದ್ದು, ಅಂದ, ದನಿಯೇ ಬೇರೆ ಈಗ, ಒರಟು, ಸಿಟ್ಟಿನ ದನಿ, ಹಾ, ಇದು, ಇದೇ ಮಾವನ ದನಿ, ಬಂತು ನೋಡು ದಾರಿಗೆ. ಅದನ್ನೇ ತಾನೇ ಕೇಳಿದ್ದು, ಹೇಳಬೇಡಿ ಅಂದ್ರು, ಸರಿ ದೊಡ್ಡೋರು ಅಂತ ಸುಮ್ನಾದೆ, ನನ್ನ ಮಂಡಿ ನೋಡಿದೀಯಾ, ಮೊದಲನೇ ಮಹಡಿ ಹತ್ತೋವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತೆ, ಅವಳಮ್ಮ ಬೆಳಕು ಹರಿಯೋ ಮೊದಲೇ ಆಸ್ಪತ್ರೆ ಕೆಲಸಕ್ಕೆ ಹೋಗ್ತಾಳೆ, ಇನ್ಯಾರಿದ್ದಾರೆ, ಹೊತ್ತಿಗೆ ಬಟ್ಟೆ ಸಿಗದಿದ್ರೆ ಜನ ಆ ಮೂಲೆ ಅಂಗಡಿಗೆ ಹೋಗ್ತಾರೆ, ಆಮೇಲೆ ಗುಬ್ಬಿಗೆ ಊಟಕ್ಕೆ ಶಾಲೆಯವ್ರು ಹಾಕ್ತಾರಾ, ಇಲ್ಲಾ ಆ ಟೀವಿಯವ್ರು ಹಾಕ್ತಾರಾ. ಹೇಳಿ ಮಾವ ಹೇಳಿ, ಎಲ್ಲ ಹೇಳಿ, ಕೂತಿದ್ದಾಳಲ್ಲ. ಸಂಜೆನೇ ಕೊಟ್ಟುಬಿಟ್ರೆ? ಸಂಜೆ ತಂದು ಹಾಕೋರೇ ಜಾಸ್ತಿ, ಸಂಜೆನೇ ಕೊಡು ಅಂದ್ರೆ ನಾನು ಉಜ್ಜೋದು ಯಾವಾಗ. ಅವರೇ ಬಂದು ತಗೊಂಡು ಹೋಗ್ಲಿ. ಅವರು ಬರ್ತಾರಾ, ನಾಲ್ಕನೇ ಮಹಡಿಯಿಂದ ಇಳಿದು? ಕೇಳಿದೀರಾ ಮಾವ ಯಾವತ್ತಾದ್ರೂ? ಮಾವ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ. ಕೇಳಿರಲಿಲ್ಲ. ಅಷ್ಟು ವರ್ಷದಿಂದ ಗಂಟು ಮೇಲಕ್ಕೇ ಹತ್ತುತ್ತಿತ್ತು, ಯಾರೂ ಯಾರನ್ನೂ ಕೇಳಿರಲಿಲ್ಲ.

ಇವಳು ಸುಮ್ಮನಾದಳು, ಸುಮ್ಮನಾಗುವ ಹೊತ್ತು ಯಾವುದೆಂದು ಇವಳಿಗೆ ಗೊತ್ತು, ಇಲ್ಲಿ ಇನ್ನೊಂದು ಮಾತಾಡಿದರೆ ಕೆಟ್ಟಿತು, ಮಾವ ತನ್ನೊಳಗೇ ಏನೋ ಹತ್ತಿ ಇಳಿಯುತ್ತಿದ್ದಾನೆ, ಸೀರೆಯ ಸೆರಗನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಗೇಟಿನ ಹತ್ತಿರ ನಿಂತ್ಕೊಂಡು ಕೂಗ್ತೀನಿ, ಅಂದ ಕೊನೆಗೆ, ಇವಳಿಗಲ್ಲ, ಸೀರೆಗೆ ಹೇಳಿದ ಹಾಗೆ, ಗಂಟಲು ಇದೆಯಲ್ಲ ನಂಗೆ, ಮಂಡಿ ಹೋದ್ರೆ ಗಂಟಲೇನು ಹೋಗಿದೆಯಾ, ಕೂಗ್ತೀನಿ, ಇಳಿದು ಬಂದೋರಿಗೆ ಬಟ್ಟೆ, ಬರದೇ ಇದ್ದೋರಿಗೆ ಸಂಜೆ, ಬ್ಯಾಂಕಿನೋರು ಹಾರಾಡ್ತಾರೆ, ಹಾರಾಡ್ಲಿ, ಒಂದಿನ ಸುಕ್ಕು ಷರಟು ಹಾಕ್ಕೊಂಡು ಹೋದ್ರೆ ಬ್ಯಾಂಕೇನು ಮುಳುಗಲ್ಲ. ಆದ್ರೆ — ಬಂತು, ಬಂತು ನಮ್ಮಪ್ಪ, ಬಾ — ಆದ್ರೆ ಗುಬ್ಬಿ ಸಂಜೆ ಬಂದ ತಕ್ಷಣ ಮಹಡಿ ಹತ್ತಬೇಕು, ಆಟ ಗೀಟ ಅಂತ ಅಲ್ಲೇ ನಿಂತ್ರೆ ಕಾಲು ಮುರೀತೀನಿ, ಮತ್ತೆ ಆ ಮೂಲೆ ಅಂಗಡಿಗೆ ನಾಲ್ಕು ಮನೆ ಹೋದ್ರೂ ನಾನು ಶಾಲೆ ಬಿಡಿಸಿಬಿಡೋನೇ, ಈಗಲೇ ಹೇಳಿದೀನಿ, ಆಮೇಲೆ ಬಾಗಿಲು ಬಡೀಬೇಡ. ಬಡೀತೀನಿ ಮಾವ, ಅಂದಳು ಇವಳು. ಗೊತ್ತು, ನೀನು ಬಡೀತೀಯ, ಅಂದ ಮಾವ, ಮೂಗು ಮುರಿದ, ಇಸ್ತ್ರಿ ಎತ್ತಿಕೊಂಡ, ಹೂಂ, ಹೋಗ್ಲಿ, ಸೋಮವಾರ ಹೋಗ್ಲಿ, ಮಗಳ ಮುಖ ನೋಡಲಿಲ್ಲ, ಕೈ ತಿರುಗಿಸಲಿಲ್ಲ, ಖಂಡಿತ ಅನ್ನಲಿಲ್ಲ, ಮುಖ ಗಂಟು ಹಾಕಿಕೊಂಡು ಸೀರೆಯನ್ನು ಉಜ್ಜಿದ. ಇದಕ್ಕಿಂತ ಒಳ್ಳೆಯ ಹೂಂ ಇವಳು ಕೇಳಿಲ್ಲ, ಎದ್ದು ಕುಣಿಯಬೇಕು ಅನಿಸಿತು, ಗುಬ್ಬೀ, ಕೇಳಿದೆಯೇನೇ, ಎಂದು ತಿರುಗಿದಳು.

ಗುಬ್ಬಿ ಅಪ್ಪನನ್ನು ನೋಡುತ್ತಿರಲಿಲ್ಲ, ಇವಳನ್ನೂ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದಳು, ಆಗ ಕ್ಯಾಮೆರಾ ಇದ್ದ ಜಾಗದ ಕಡೆ, ಬಲಗೈ ಚೊಂಬಿನಿಂದ ಎದ್ದಿತ್ತು, ಬಾಯಿಗೆ ಹೋಗಿರಲಿಲ್ಲ. ಅಕ್ಕಾ, ಅಂದಳು, ತುಂಬ ಮೆಲ್ಲಗೆ, ತಪ್ಪಾದರೆ ಬೈಸಿಕೊಳ್ಳುತ್ತೇನೋ ಅನ್ನುವ ಹಾಗೆ, ಇದನ್ನೂ ಇನ್ನೊಂದು ಸಲ ಮಾಡ್ಬೇಕಾ? ಇಲ್ಲ ಕಣೇ ಅನ್ನಬೇಕು, ಇಲ್ಲ ಪುಟ್ಟಾ, ಇದು ನಿಜದ್ದು, ಇದು ಒಂದೇ ಸಲ, ಎಷ್ಟು ಸುಲಭದ ಮಾತು, ಅಷ್ಟು ಮನೆಗಳಲ್ಲಿ ಅಷ್ಟು ಮಾತಾಡಿದ ಬಾಯಿ, ಗಂಟೆ ಅಂತ ಹೆಸರು ತಗೊಂಡ ಬಾಯಿ, ಹೇಳು, ಹೇಳೇ — ಆ ಕೈ — ಮೊದಲ ಸಲ ತಾನಾಗಿ ಹೋಗಿತ್ತು, ಎರಡನೇ ಸಲ ತಡವಾಗಿ, ಮೂರನೇ ಸಲ ಮೊದಲೇ, ಈಗ — ಈಗ ಎದೆಯ ಮಟ್ಟಕ್ಕೆ ಬಂದು ನಿಂತಿದೆ, ಮೇಲೂ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ, ಯಾರಾದರೂ ಹೇಳಲಿ ಎಂದು ಕಾಯುತ್ತಿದೆ, ಬೆರಳ ತುದಿಯಿಂದ ನೀರು ಒಂದೊಂದೇ ತೊಟ್ಟು ಮೇಜಿನ ಬಿಳಿ ಬಟ್ಟೆಯ ಮೇಲೆ ಬೀಳುತ್ತಿದೆ, ಆ ಕೈ, ಅರ್ಧಕ್ಕೆ ನಿಂತ ಆ ಒದ್ದೆ ಕೈ —